ಬಿದಿರು, ದುಪಟ್ಟಾ, ಒಂದು ಭಾನುವಾರ: ಮಕ್ಕಳಿಗೆ ಬೇಟೆಯ ಚರಿತ್ರೆಯನ್ನು ಕೈಯಾರೆ ತೋರಿಸುವುದು ಹೇಗೆ

ಪುಣೆಯ ಕೊಥ್ರೂಡಿನಲ್ಲಿರುವ ನಮ್ಮ ಸೊಸೈಟಿಯಲ್ಲಿ ಭಾನುವಾರ ಬೆಳಿಗ್ಗೆ ಕನ್ನಡ ಪಾಠ ನಡೆಯುತ್ತದೆ. ಪಾಠ ಅನ್ನುವುದು ದೊಡ್ಡ ಮಾತು. ಕ್ಲಬ್‌ಹೌಸಿನಲ್ಲಿ ಚಾಪೆ ಹಾಸಿ ಹನ್ನೊಂದು ಮಕ್ಕಳನ್ನು ಕೂರಿಸಿಕೊಂಡು ನಾನು ಕತೆ ಹೇಳುತ್ತೇನೆ, ಅಷ್ಟೆ. ಹೆಚ್ಚಿನವರು ಧಾರವಾಡ, ವಿಜಯಪುರ, ಬೆಳಗಾವಿ ಕಡೆಯವರ ಮಕ್ಕಳು. ನಾನು ತೀರ್ಥಹಳ್ಳಿ ಕಡೆಯವಳು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾಗಿದ್ದೇನೆ. ಮಕ್ಕಳು ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಾರೆ. ನಮ್ಮ ಕಡೆ ಆ ಮಾತಿಲ್ಲ. ಆದರೆ ಇಲ್ಲಿ ಮರಾಠಿಯವರಿಗೂ ಅದೇ, ಉತ್ತರ ಕರ್ನಾಟಕದವರಿಗೂ ಅದೇ. ಹಾಗಾಗಿ ನಾನೂ ಮಾವಶಿಯಾದೆ.

ಎರಡು ವರ್ಷದ ಹಿಂದೆ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಶಾಲೆಯ ಪ್ರಾಜೆಕ್ಟ್ ತಂದಳು. ಬೇಟೆ ಹೇಗೆ ಬದಲಾಯಿತು ಅನ್ನುವ ಚಾರ್ಟು. ಮೆಟ್ಟಿಲು ಮೆಟ್ಟಿಲಾಗಿ ಚಿತ್ರ. ಕೆಳಗಿನ ಮೆಟ್ಟಿಲ ಮೇಲೆ ಕಲ್ಲು ಹಿಡಿದ ಮನುಷ್ಯ, ಅದರ ಮೇಲೆ ಈಟಿ, ಅದರ ಮೇಲೆ ಬಿಲ್ಲು, ತುದಿಯಲ್ಲಿ ಟೋಪಿ ಹಾಕಿಕೊಂಡ ಕೋವಿಯವನು. "ಮಾವಶಿ, ಇದನ್ನ ಕನ್ನಡದಾಗ ಹೆಂಗ ಹೇಳೂದ್ರಿ?" ಅಂದಳು.

ನನಗೆ ಆ ಮೆಟ್ಟಿಲು ಯಾಕೋ ಸರಿ ಕಾಣಲಿಲ್ಲ. ನನ್ನಜ್ಜನ ಮನೆಯ ಜಗುಲಿ ಕಣ್ಣ ಮುಂದೆ ಬಂತು. ಗೋಡೆಯ ಗೂಟದಲ್ಲಿ ಕೇಪಿನ ಕೋವಿ. ಅಟ್ಟದ ಮೇಲೆ ಹಂದಿ ಬಲೆ. ಬಾಗಿಲ ಮೂಲೆಯಲ್ಲಿ ಈಟಿ. ಸೂರಿನಡಿಯಲ್ಲಿ ಮೂರು ನಾಯಿ. ಕೊಟ್ಟಿಗೆಯ ಮೊಳೆಗೆ ನೇತುಹಾಕಿದ ಉರುಳು. ಎಲ್ಲ ಒಂದೇ ಮನೆಯಲ್ಲಿ, ಒಂದೇ ಕಾಲದಲ್ಲಿ. ಅಜ್ಜ ಯಾವ ಮೆಟ್ಟಿಲ ಮೇಲೆ ನಿಂತಿದ್ದರು?

ಮುಂದಿನ ಭಾನುವಾರ ಚಾರ್ಟನ್ನು ಬದಿಗಿಟ್ಟು ಬಿದಿರು ತಂದೆವು. ಇಲ್ಲಿಯವರೆಗೆ ಮೂರು ಸಲ ಮಾಡಿಸಿದ್ದೇನೆ. ನಿಮ್ಮ ಮನೆಯ, ಕೇರಿಯ ಮಕ್ಕಳಿಗೆ ಮಾಡಿಸುವುದಾದರೆ ಹೇಗೆ ಅಂತ ಬರೆಯುತ್ತಿದ್ದೇನೆ. ನಾನು ಮಾಡಿದ ತಪ್ಪುಗಳೂ ಇದರಲ್ಲಿವೆ.

ಮೊದಲು ಜಾಗ, ಸಾಮಾನು

ನಲವತ್ತು ಹೆಜ್ಜೆ ಉದ್ದದ ಖಾಲಿ ಜಾಗ ಬೇಕು. ಟೆರೇಸ್ ಬೇಡವೇ ಬೇಡ. ಪಾರ್ಕಿಂಗ್ ಕೂಡ ಬೇಡ, ಯಾಕೆಂದು ಆಮೇಲೆ ಹೇಳುತ್ತೇನೆ. ನಮ್ಮ ಸೊಸೈಟಿಯ ಹಿಂದೆ ಕಟ್ಟದೇ ಬಿಟ್ಟ ಪ್ಲಾಟ್ ಇದೆ. ಕಾರ್ಯದರ್ಶಿಯನ್ನು ಕೇಳಿಕೊಂಡು ಅಲ್ಲಿಗೆ ಹೋದೆವು. ವೇತಾಳ ಟೇಕಡಿ ಹತ್ತಿರವಿದೆಯಲ್ಲ, ಅಲ್ಲಿ ಮಾಡಿಸಿ ಅಂತ ಒಬ್ಬರು ಹೇಳಿದರು. ನವಿಲು ಓಡಾಡುವ ಗುಡ್ಡಕ್ಕೆ ಈಟಿ ಹಿಡಿದ ಮಕ್ಕಳನ್ನು ಕರೆದುಕೊಂಡು ಹೋಗುವುದೇ? ಆಗದ ಮಾತು.

ಬಿದಿರಿಗೆ ಪುಣೆಯ ಬುರೂಡ ಆಳಿಗೆ ಹೋಗಿ. ನಮ್ಮ ಮೇದಾರರನ್ನು ಇಲ್ಲಿ ಬುರೂಡ ಅನ್ನುತ್ತಾರೆ. ಬುಟ್ಟಿ, ಮೊರ, ಏಣಿ ಮಾರುವ ಕೇರಿ ಅದು. ಕಿರುಬೆರಳಿನಷ್ಟು ದಪ್ಪದ, ಐದಡಿ ಉದ್ದದ, ನೆಟ್ಟಗಿರುವ ಬಿದಿರ ಕಡ್ಡಿ ಆರು ಕೇಳಿ. ಹೆಬ್ಬೆರಳಿಗಿಂತ ತುಸು ದಪ್ಪದ, ಗೆಣ್ಣಿನಲ್ಲಿ ಕೊಂಬೆ ಉಳಿದಿರುವ ಗಳು ಎರಡು ಬೇಕು. "ಕೊಂಬೆ ಸವರಬೇಡಿ" ಅಂತ ಮೊದಲೇ ಹೇಳಿ. ಅವರು ಪಾಪ ಚೆಂದ ಮಾಡಿಯೇ ಕೊಡುತ್ತಾರೆ. ನಮ್ಮೂರಲ್ಲಾಗಿದ್ದರೆ ವಾಟೆ ಬಿದಿರು ಕಡಿದರೆ ಮುಗಿಯುತ್ತಿತ್ತು. ಉಳಿದದ್ದೆಲ್ಲ ಮನೆಯಲ್ಲೇ ಇರುತ್ತದೆ: ಹಳೆ ಕಾಲುಚೀಲ, ಒಂದು ಪಾವು ಅಕ್ಕಿ, ನೂಲು, ಟೇಪು, ಮದುವೆ ಕಾಗದದ ರಟ್ಟು, ರಂಗೋಲಿ ಪುಡಿ, ಐದಾರು ದುಪಟ್ಟಾ.

ಒಂಬತ್ತು ವರ್ಷಕ್ಕಿಂತ ಚಿಕ್ಕವರ ಕೈಗೆ ಎಸೆಯುವ ಸಾಮಾನು ಕೊಡಬೇಡಿ. ದೊಡ್ಡವರು ಇಬ್ಬರಾದರೂ ಇರಲಿ. ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ಒಳ್ಳೆಯದು.

ಓಡುವುದರಿಂದ ಶುರು ಮಾಡಿ

ಆಯುಧ ಕೊಡುವ ಮೊದಲು ಓಡಿಸಿ. ಮನುಷ್ಯನಿಗೆ ಉಗುರಿಲ್ಲ, ಕೋರೆಹಲ್ಲಿಲ್ಲ, ಜಿಂಕೆಯಷ್ಟು ಜೋರಾಗಿ ಓಡುವ ಕಾಲೂ ಇಲ್ಲ. ಇರುವುದು ಬೆವರು. ಮೈತುಂಬ ಬೆವರುವುದರಿಂದ ನಾವು ಬಿಸಿಲಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಓಡಬಲ್ಲೆವು. ಆಫ್ರಿಕಾದ ಕಲಹರಿಯಲ್ಲಿ ಸಾನ್ ಜನ ಕುಡು ಅನ್ನುವ ದೊಡ್ಡ ಜಿಂಕೆಯಂಥ ಪ್ರಾಣಿಯನ್ನು ಹೀಗೇ ಹಿಡಿಯುತ್ತಿದ್ದರು. ಸುಡು ಮಧ್ಯಾಹ್ನ ಬೆನ್ನು ಹತ್ತುವುದು. ಅದು ನೆಗೆದು ಮರೆಯಾಗುತ್ತದೆ, ನೆರಳಿಗೆ ನಿಲ್ಲುತ್ತದೆ, ಇವರು ಹೆಜ್ಜೆ ನೋಡಿಕೊಂಡು ಮತ್ತೆ ಬರುತ್ತಾರೆ. ಕೊನೆಗೆ ಮೈ ಕಾದು ಅದು ನಿಂತೇ ಬಿಡುತ್ತದೆ.

ಆಟ ಹೀಗೆ. ಎಲ್ಲರಿಗಿಂತ ಜೋರಾಗಿ ಓಡುವ ಮಗುವನ್ನು ಜಿಂಕೆ ಮಾಡಿ. ಜಿಂಕೆಗೆ ಸ್ವೆಟರ್ ಹಾಕಿಸಿ. ಸೊಂಟಕ್ಕೆ ರಂಗೋಲಿ ಪುಡಿಯ ಚೀಲ ಕಟ್ಟಿ, ಚೀಲಕ್ಕೆ ಸಣ್ಣ ತೂತು ಮಾಡಿ. ಉಳಿದವರು ತೆಳು ಅಂಗಿಯಲ್ಲಿ, ನೀರು ಕುಡಿಯುತ್ತ, ನಿಧಾನವಾಗಿ ಓಡುತ್ತ ಪುಡಿಯ ಜಾಡು ಹಿಡಿದು ಹೋಗಲಿ. ಅವರು ಹತ್ತಿರ ಬಂದಾಗೆಲ್ಲ ಜಿಂಕೆ ಜೀವ ಬಿಟ್ಟು ಓಡಬೇಕು. ನಮ್ಮ ಜಿಂಕೆ ಏಳೇ ನಿಮಿಷಕ್ಕೆ "ಸಾಕ್ರೀ ಮಾವಶಿ" ಅಂತ ಕೂತುಬಿಟ್ಟ. ಸಾಕು ಅಂದ ತಕ್ಷಣ ಸ್ವೆಟರ್ ಬಿಚ್ಚಿಸಿ ನೀರು ಕೊಡಿ.

ಈ ಆಟದಲ್ಲಿ ಮಕ್ಕಳಿಗೆ ಹೊಳೆಯುವ ಒಂದು ವಿಷಯ ಚಾರ್ಟಿನಲ್ಲಿ ಇರುವುದಿಲ್ಲ. ಜಾಡು ಓದುವುದೇ ಅರ್ಧ ಬೇಟೆ. ಪುಡಿ ಎಲ್ಲಿ ದಟ್ಟವಾಗಿ ಬಿದ್ದಿದೆಯೋ ಅಲ್ಲಿ ಜಿಂಕೆ ನಿಂತಿತ್ತು ಅಂತ ಒಬ್ಬಳು ತಾನಾಗಿಯೇ ಹೇಳಿದಳು. ನಾನು ಹೇಳಿಕೊಟ್ಟಿರಲಿಲ್ಲ.

ಕಲ್ಲು: ಹತ್ತು ನಿಮಿಷ ಸಾಕು

ಚಾರ್ಟಿನಲ್ಲಿ ಕಲ್ಲುಗೊಡಲಿ ಹಿಡಿದವನು ಆನೆಯನ್ನು ಹೊಡೆಯಲು ಹೋಗುತ್ತಿರುತ್ತಾನೆ. ಸುಮ್ನೆ ಚಿತ್ರ ಅದು. ಕೈಗೊಡಲಿ, ಅಂದರೆ ಹಿಡಿಯಿಲ್ಲದ ಆ ಕಲ್ಲಿನ ಕೊಡಲಿ, ಹೆಚ್ಚಾಗಿ ಚರ್ಮ ಸುಲಿಯಲು, ಮಾಂಸ ಕೊಯ್ಯಲು, ಎಲುಬು ಒಡೆಯಲು, ಮರ ಕೆತ್ತಲು ಬಂದ ಸಾಮಾನು. ಬೇಟೆಗಿಂತ ಅಡುಗೆಮನೆಗೆ ಹತ್ತಿರ. ಇದನ್ನು ತೋರಿಸಲು ಕಲ್ಲು ಒಡೆಯಬೇಡಿ, ಚೂರು ಕಣ್ಣಿಗೆ ಹಾರುತ್ತದೆ. ತೆಂಗಿನ ಕರಟದ ಒಡೆದ ಚೂರು ಕೊಟ್ಟು ಸೌತೆಕಾಯಿ ಕೊಯ್ಯಲು ಹೇಳಿ. ಎಷ್ಟು ಚೆನ್ನಾಗಿ ಕೊಯ್ಯುತ್ತದೆ ಅಂತ ಅವರಿಗೇ ಆಶ್ಚರ್ಯವಾಗುತ್ತದೆ.

ನಿಜವಾದ ಕೈಗೊಡಲಿಯ ಮಾತು ಬಂದರೆ ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಹೆಸರು ಹೇಳಿ. ಅಲ್ಲಿ ಇಸಾಂಪುರ ಅಂತ ಒಂದು ಊರು. ಅಲ್ಲಿ ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿ ಒಡೆದು ಆಯುಧ ಮಾಡುತ್ತಿದ್ದ ಜಾಗ ಸಿಕ್ಕಿದೆ. ಸುಮಾರು 12 ಲಕ್ಷ ವರ್ಷ ಹಳೆಯದು ಅಂತ ಅಂದಾಜು. ಅದನ್ನು ಅಗೆದು ನೋಡಿದವರು ಇಲ್ಲೇ ಪುಣೆಯ ಯೆರವಡಾದಲ್ಲಿರುವ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಅವರ ಸಂಗಡಿಗರು. ಆ ಕಾಲೇಜಿನಲ್ಲಿ ಪುರಾತತ್ವದ ಮ್ಯೂಸಿಯಂ ಇದೆ. ಮೊದಲೇ ಸಮಯ ಕೇಳಿಕೊಂಡು ಮಕ್ಕಳನ್ನು ಕರೆದುಕೊಂಡು ಹೋಗಿ. ವಿಜಯಪುರದ ಹುಡುಗನಿಗೆ "ನಿಮ್ಮ ಪಕ್ಕದ ಜಿಲ್ಲೆಯದು" ಅಂದಾಗ ಬಂದ ಹೆಮ್ಮೆ ನೋಡಬೇಕಿತ್ತು.

ಈಟಿ, ಮತ್ತು ಈಟಿಗೊಂದು ಮೊಣಕೈ

ಇನ್ನು ಎಸೆಯುವುದು. ನೆಲಕ್ಕೆ ಹಗ್ಗ ಹಾಸಿ. ಎಸೆಯುವವರು, ನೋಡುವವರು ಎಲ್ಲರೂ ಹಗ್ಗದ ಹಿಂದೆ. ಎಲ್ಲರೂ ಎಸೆದಾದ ಮೇಲೆ, ನೀವು ಸೀಟಿ ಊದಿದ ಮೇಲೇ ಹೆಕ್ಕಲು ಹೋಗುವುದು. ಇದೊಂದು ನಿಯಮ ಮುರಿದರೆ ಆಟ ಬಂದ್. ನಾನು ಒಂದು ಸಲ ನಿಜವಾಗಿಯೂ ಬಂದ್ ಮಾಡಿದ್ದೇನೆ.

ಮೊದಲು ಬರಿಗೈಯಲ್ಲಿ ಎಸೆಯಲಿ. ಐದಡಿ ಬಿದಿರ ಕಡ್ಡಿಯ ಮುಂದಿನ ತುದಿಗೆ ಕಾಲುಚೀಲದಲ್ಲಿ ಒಂದು ಹಿಡಿ ಅಕ್ಕಿ ಹಾಕಿ ಉಂಡೆಯಾಗಿ ಬಿಗಿಯಾಗಿ ಕಟ್ಟಿ. ತೂಕವೂ ಆಯಿತು, ಯಾರಿಗಾದರೂ ತಾಗಿದರೆ ಗಾಯವೂ ಆಗುವುದಿಲ್ಲ. ಗುರಿಗೆ ಒಂದು ರಟ್ಟಿನ ಪೆಟ್ಟಿಗೆ. ಮಕ್ಕಳು ಎಸೆಯುತ್ತಿರುವಾಗ ಜರ್ಮನಿಯ ಶೋನಿಂಗನ್ ಅನ್ನುವ ಊರಿನ ಕತೆ ಹೇಳಿ. ಕಲ್ಲಿದ್ದಲ ಗಣಿಯಲ್ಲಿ 1990ರ ದಶಕದಲ್ಲಿ ಮರದ ಈಟಿಗಳು ಸಿಕ್ಕವು, ಕುದುರೆಗಳ ಎಲುಬಿನ ಜೊತೆಗೆ. 2ರಿಂದ 3 ಲಕ್ಷ ವರ್ಷ ಹಳೆಯವು. ಹೆಚ್ಚಿನವು ಸ್ಪ್ರೂಸ್ ಮರದವು, ಸುಮಾರು ಎರಡು ಮೀಟರ್ ಉದ್ದ, ತೂಕ ಮುಂದಿನ ಕಡೆಗೆ. ಅದಕ್ಕಿಂತ ಹಳೆಯದು ಇಂಗ್ಲೆಂಡಿನ ಕ್ಲ್ಯಾಕ್ಟನ್‌ನಲ್ಲಿ 1911ರಲ್ಲಿ ಸಿಕ್ಕ ಒಂದು ಈಟಿಯ ಮುರಿದ ತುದಿ. ಸುಮಾರು 4 ಲಕ್ಷ ವರ್ಷದ್ದು. ಮರ ಕೊಳೆಯುವ ವಸ್ತು. ಕೆಸರಿನಲ್ಲಿ ಹೂತು ಉಳಿದದ್ದಷ್ಟೇ ನಮಗೆ ಸಿಕ್ಕಿದೆ.

ಈಗ ನನ್ನ ಇಷ್ಟದ ಭಾಗ. ಈಟಿ ಎಸೆಯುವ ಕೋಲು. ಇದಕ್ಕೆ ಕನ್ನಡದಲ್ಲಿ ಹೆಸರಿಲ್ಲ. ಮೆಕ್ಸಿಕೋದವರು ಅಟ್ಲಾಟ್ಲ್ ಅನ್ನುತ್ತಿದ್ದರು, ಆಸ್ಟ್ರೇಲಿಯಾದ ಮೂಲನಿವಾಸಿಗಳದ್ದು ವೂಮೆರಾ. ನಮ್ಮ ಮಕ್ಕಳು ಉದ್ದಗೈ ಅಂತ ಹೆಸರಿಟ್ಟರು. ಸರಿಯಾದ ಹೆಸರೇ. ಕೈಗೆ ಇನ್ನೊಂದು ಮೊಣಕೈ ಜೋಡಿಸಿದ ಹಾಗೆ ಅದು. ಕೈ ಉದ್ದವಾದಷ್ಟು ತುದಿಯ ವೇಗ ಜಾಸ್ತಿ.

ಮಾಡುವುದು ಹೀಗೆ. ಕೊಂಬೆ ಇರುವ ಗೆಣ್ಣನ್ನು ಹುಡುಕಿ. ಆ ಗೆಣ್ಣಿನ ಸ್ವಲ್ಪ ಕೆಳಗೆ, ಬುಡದ ಕಡೆ ಕೊಯ್ಯಿರಿ. ಅಲ್ಲಿಂದ ತುದಿಯ ಕಡೆಗೆ ಒಂದೂವರೆ ಅಡಿ ಅಳೆದು ಅಲ್ಲೂ ಕೊಯ್ಯಿರಿ. ಕೊಂಬೆಯನ್ನು ಅರ್ಧ ಅಂಗುಲ ಬಿಟ್ಟು ಸವರಿ, ಮೊಳೆಯ ಹಾಗೆ ಚೂಪು ಮಾಡಿ. ಬಿದಿರ ಕೊಂಬೆ ತುದಿಯ ಕಡೆಗೆ ಬಾಗಿ ಬೆಳೆಯುತ್ತದೆ ಅಲ್ವಾ? ಹಾಗಾಗಿ ಆ ಮೊಳೆ ನಿಮ್ಮ ಹಿಡಿಯ ಕಡೆಗೆ ಬಾಗಿರುತ್ತದೆ. ಅದೇ ಕೊಕ್ಕೆ. ನಾನು ಮೊದಲ ಸಲ ತಿರುಗಾ ಮುರುಗಾ ಕೊಯ್ದು ಒಂದು ಗಳು ದಂಡ ಮಾಡಿದೆ. ಕೊಕ್ಕೆ ಹೊರಗೆ ಬಾಗಿತ್ತು, ಕಡ್ಡಿ ಜಾರಿ ಜಾರಿ ಕಾಲ ಮೇಲೆ ಬೀಳುತ್ತಿತ್ತು. ಹಿಡಿಯ ಜಾಗಕ್ಕೆ ಬಟ್ಟೆ ಸುತ್ತಿ, ಇಲ್ಲವಾದರೆ ಅಂಗೈ ಕೆರೆಯುತ್ತದೆ.

ಕಡ್ಡಿಯ ಹಿಂತುದಿಯನ್ನು ಗೆಣ್ಣಿನಿಂದ ಅರ್ಧ ಅಂಗುಲ ಆಚೆ ಕೊಯ್ಯಿರಿ. ಒಳಗಿನ ಪೊಳ್ಳೇ ಬಟ್ಟಲಾಗುತ್ತದೆ, ಕೊಕ್ಕೆ ಅದರೊಳಗೆ ಕೂರುತ್ತದೆ. ಸೀಳದಂತೆ ಆ ತುದಿಗೆ ನೂಲು ಬಿಗಿದು ಮೇಲೆ ಟೇಪು ಸುತ್ತಿ. ಹಿಂಭಾಗದಲ್ಲಿ ಮದುವೆ ಕಾಗದದ ರಟ್ಟಿನಿಂದ ಎರಡು ಗರಿ ಅಂಟಿಸಿ. ಕಡ್ಡಿಯನ್ನು ಬೆರಳ ಮೇಲಿಟ್ಟು ತೂಗಿ ನೋಡಿ. ನಡುವಿಗಿಂತ ಮುಂದೆ ಸಮ ನಿಂತರೆ ಸರಿ. ಹಿಂದೆ ನಿಂತರೆ ಕಾಲುಚೀಲಕ್ಕೆ ಇನ್ನೂ ಅಕ್ಕಿ ಹಾಕಿ. ಕಡ್ಡಿ ತೀರಾ ಸೆಟೆದಿರಬಾರದು, ಎರಡು ಕೈಯಲ್ಲಿ ಒತ್ತಿದರೆ ಸ್ವಲ್ಪ ಬಾಗಬೇಕು. ಎಸೆದಾಗ ಅದು ಹಾವಿನ ಹಾಗೆ ಬಳುಕಿಕೊಂಡು ಹೋಗುವುದೇ ಸರಿ.

ಎಸೆಯುವಾಗ ಕೋಲನ್ನು ಮೂರು ಬೆರಳಲ್ಲಿ ಹಿಡಿದು, ಹೆಬ್ಬೆರಳು ತೋರುಬೆರಳಲ್ಲಿ ಕಡ್ಡಿಯನ್ನು ಮೆಲ್ಲಗೆ ಚಿವುಟಿ ಹಿಡಿಯಬೇಕು. ಕೋಲು, ಕಡ್ಡಿ ಎರಡೂ ಕಿವಿಯ ಪಕ್ಕ, ನೆಲಕ್ಕೆ ಸಮ. ಎಡಗಾಲು ಮುಂದೆ. ಬೌಂಡರಿಯಿಂದ ವಿಕೆಟ್‌ಗೆ ಚೆಂಡು ಎಸೆಯುವ ಹಾಗೆ ಕೈ ಬೀಸಿ, ಕೊನೆಯಲ್ಲಿ ಮಣಿಕಟ್ಟು ಪಟ್ಟನೆ ಮುಂದಕ್ಕೆ ಬಗ್ಗಿಸಬೇಕು. ಕಡ್ಡಿ ತಾನಾಗಿ ಬಿಟ್ಟುಹೋಗುತ್ತದೆ. ಕೋಲು ಮಾತ್ರ ಕೈಯಲ್ಲೇ ಉಳಿಯಬೇಕು. ಮೊದಲ ಹತ್ತು ಎಸೆತ ಯಾರಿಗೂ ಬರುವುದಿಲ್ಲ. ನನಗೂ ಬಂದಿಲ್ಲ. ಹನ್ನೊಂದನೆಯದಕ್ಕೆ ಏನೋ ಕೂಡಿಬರುತ್ತದೆ.

ಟೇಪು ಹಿಡಿದು ಅಳೆಯಿರಿ, ಲೆಕ್ಕ ಬರೆಯಿಸಿ. ಹನ್ನೊಂದು ವರ್ಷದ ಹುಡುಗಿ ಬರಿಗೈಯಲ್ಲಿ 9 ಮೀಟರ್ ಎಸೆದಳು, ಉದ್ದಗೈಯಲ್ಲಿ 21 ಮೀಟರ್. ಅವಳ ತಮ್ಮನಿಗೆ ಉರಿ ಹತ್ತಿತು. "ಬ್ಯಾಟಿ ಗಂಡಸರು ಆಡೂದು" ಅಂದ. ಆಗ ಪೆರುವಿನ ಆಂಡಿಸ್ ಬೆಟ್ಟದ ಸುದ್ದಿ ಹೇಳಿದೆ. ಅಲ್ಲಿ ವಿಲಮಾಯಾ ಪಟ್‌ಶಾ ಎಂಬಲ್ಲಿ ಸುಮಾರು 9,000 ವರ್ಷ ಹಿಂದಿನ ಒಂದು ಗೋರಿ ಸಿಕ್ಕಿತು. ಪಕ್ಕದಲ್ಲಿ ಈಟಿಮೊನೆ, ಚರ್ಮ ಹದ ಮಾಡುವ ಕಲ್ಲು, ಪೂರ್ತಿ ಬೇಟೆಯ ಸರಂಜಾಮು. ಮಲಗಿದ್ದವಳು ಹದಿಹರೆಯದ ಹುಡುಗಿ. ಫಿಲಿಪೀನ್ಸಿನ ಅಗ್ತಾ ಹೆಂಗಸರು ಬಿಲ್ಲು, ನಾಯಿ ಕಟ್ಟಿಕೊಂಡು ಬೇಟೆಗೆ ಹೋಗುತ್ತಿದ್ದದ್ದೂ ದಾಖಲಾಗಿದೆ. ನಮ್ಮಜ್ಜಿಯನ್ನು ಮಾತ್ರ ಅಜ್ಜ ಕೋವಿ ಮುಟ್ಟಲು ಬಿಟ್ಟಿರಲಿಲ್ಲ. ಹಂದಿ ಹೆಚ್ಚಿ ತೊಳೆಯಲು ಬಿಟ್ಟಿದ್ದರು.

ಕವಣೆಯ ವಿಷಯ ಬೇಗ ಮುಗಿಸುತ್ತೇನೆ. ಮರಾಠಿಯಲ್ಲಿ ಗೋಫಣ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಬಳಸುತ್ತಿದ್ದದ್ದನ್ನು ಬೆಳಗಾವಿ ಕಡೆಯ ಅಜ್ಜಂದಿರು ಕಂಡಿದ್ದಾರೆ. ಮೊದಲ ವರ್ಷ ಪಾರ್ಕಿಂಗಿನಲ್ಲಿ ಮೋಸಂಬಿ ಹಾಕಿ ಬೀಸಿ ತೋರಿಸಿದೆ. ಮೋಸಂಬಿ ಮುಂದಕ್ಕೆ ಹೋಗಲಿಲ್ಲ. ಹಿಂದಕ್ಕೆ ಹಾರಿ ಒಂದು ಸ್ಕೂಟರಿನ ಕನ್ನಡಿ ಒಡೆಯಿತು. ದುಡ್ಡು ಕೊಟ್ಟು ಕ್ಷಮೆ ಕೇಳಿದೆ. ಕವಣೆ ಬೇಡ.

ಬಿಲ್ಲನ್ನು ಎಲ್ಲಿ ಇಡುವುದು?

ಬಿಲ್ಲು ಮಾಡಿಸುವುದು ಸುಲಭ. ಸೀಳಿದ ಬಿದಿರ ದಬ್ಬೆ, ನೈಲಾನ್ ದಾರ, ತುದಿಗೆ ಸ್ಪಂಜು ಕಟ್ಟಿದ ಕಡ್ಡಿ. ದಬ್ಬೆಯ ನುಣುಪಾದ ಸಿಪ್ಪೆಯ ಕಡೆ ಗುರಿಯತ್ತ ಇರಲಿ. ಎಲ್ಲ ಮಕ್ಕಳಿಗೂ ಇದು ಮೊದಲೇ ಗೊತ್ತು, ಟಿವಿಯ ರಾಮಾಯಣ ನೋಡಿದ್ದಾರಲ್ಲ. ಹಾಗಾಗಿ ಮಾಡಿಸುವುದಕ್ಕಿಂತ ಇಲ್ಲಿ ಒಂದು ಒಗಟು ಕೊಡಿ.

ಆಯುಧಗಳ ಹೆಸರು ಬರೆದ ಚೀಟಿಗಳನ್ನು ಚಾಪೆಯ ಮೇಲೆ ಹರಡಿ, ಹಳೆಯದರಿಂದ ಹೊಸದಕ್ಕೆ ಜೋಡಿಸಲು ಹೇಳಿ. ಎಲ್ಲರೂ ಈಟಿ, ಉದ್ದಗೈ, ಬಿಲ್ಲು ಅಂತಲೇ ಇಡುತ್ತಾರೆ. ಈಗ ವರ್ಷ ಬರೆದ ಚೀಟಿ ಕೊಡಿ. ನಮಗೆ ಸಿಕ್ಕಿರುವ ಅತಿ ಹಳೆಯ ಉದ್ದಗೈ ಫ್ರಾನ್ಸಿನದು, ಹಿಮಸಾರಂಗದ ಕೊಂಬಿನದು, ಸುಮಾರು 17,500 ವರ್ಷದ್ದು. ಬಾಣದ ಮೊನೆಗಳಂತೆ ಕಾಣುವ ಸಾಮಾನು ದಕ್ಷಿಣ ಆಫ್ರಿಕಾದ ಸಿಬುಡು ಗುಹೆಯಲ್ಲಿ ಸಿಕ್ಕಿದೆ, ಅದು ಸುಮಾರು 60,000 ವರ್ಷದ್ದು. ನಮ್ಮ ಪಕ್ಕದ ಶ್ರೀಲಂಕಾದಲ್ಲಿ, ಫಾ ಹಿಯನ್ ಗುಹೆಯಲ್ಲಿ, ಎಲುಬಿನ ಬಾಣಮೊನೆಗಳು ಸಿಕ್ಕಿವೆ, ಸುಮಾರು 48,000 ವರ್ಷದವು. ಅಲ್ಲಿಯವರು ದಟ್ಟ ಕಾಡಿನಲ್ಲಿ ಮಂಗ, ಅಳಿಲು ಹೊಡೆಯುತ್ತಿದ್ದರು. ಮರದ ತುದಿಯಲ್ಲಿ ಕೂತ ಮಂಗಕ್ಕೆ ಎರಡು ಮೀಟರಿನ ಈಟಿಯಿಂದ ಏನು ಮಾಡುತ್ತೀರಿ?

ಚೀಟಿ ಕೈಯಲ್ಲಿ ಹಿಡಿದು ಮಕ್ಕಳು ತಬ್ಬಿಬ್ಬಾಗುತ್ತಾರೆ. ಇನ್ನೊಂದು ಚೀಟಿ ಕೊಡಿ: ಆಸ್ಟ್ರೇಲಿಯಾದ ಮೂಲನಿವಾಸಿಗಳು ಬಿಲ್ಲಿಗೆ ಹೋಗಲೇ ಇಲ್ಲ. ಯುರೋಪಿನವರು ಬರುವವರೆಗೂ, ಬಂದ ಮೇಲೂ ವೂಮೆರಾವೇ. ಬಯಲಿನಲ್ಲಿ ಕಾಂಗರೂ ಹೊಡೆಯುವವರಿಗೆ ಅದೇ ಸಾಕಾಯಿತು. ಆ ಕೋಲಿನಲ್ಲೇ ಬೆಂಕಿ ಹೊತ್ತಿಸುತ್ತಿದ್ದರು, ತಟ್ಟೆಯ ಹಾಗೂ ಬಳಸುತ್ತಿದ್ದರು.

ಕೊನೆಯ ಚೀಟಿ ಪುಣೆ ಜಿಲ್ಲೆಯದೇ. ಶಿರೂರು ತಾಲ್ಲೂಕಿನ ಇನಾಮಗಾವ್, ಘೋಡ್ ನದಿಯ ದಂಡೆ. ಡೆಕ್ಕನ್ ಕಾಲೇಜಿನವರು 1968ರಿಂದ ಹಲವು ವರ್ಷ ಅಗೆದ ಹಳ್ಳಿ. ಸುಮಾರು ಮೂರೂವರೆ ಸಾವಿರ ವರ್ಷದ ಹಿಂದೆ ಅಲ್ಲಿ ಬಾರ್ಲಿ ಬೆಳೆದು, ದನ ಸಾಕಿ, ದೊಡ್ಡ ಮನೆ ಕಟ್ಟಿಕೊಂಡಿದ್ದರು. ಕೊನೆಕೊನೆಗೆ ಮಳೆ ಕೈಕೊಟ್ಟಿತು ಅಂತ ಅಗೆದವರ ಅಭಿಪ್ರಾಯ. ಬೆಳೆ ಕಮ್ಮಿಯಾಯಿತು. ಮನೆಗಳು ಸಣ್ಣ ಗುಂಡು ಗುಡಿಸಲಾದವು. ಜಿಂಕೆಯ ಎಲುಬು ಜಾಸ್ತಿಯಾಯಿತು. ಅಂದರೆ ರೈತರು ಮತ್ತೆ ಬೇಟೆಗೆ ಮರಳಿದರು. "ಮೆಟ್ಟಿಲು ಇಳದ್ರು?" ಅಂತ ಒಬ್ಬ ಕೇಳಿದ. ಮೆಟ್ಟಿಲೇ ಇರಲಿಲ್ಲ ಕಣೋ ಅಂದೆ.

ಸೋವು: ದುಪಟ್ಟಾ ಹಿಡಿದು

ಒಬ್ಬನೇ ವೀರ, ಒಂದೇ ಬಾಣ, ಇದು ಸಿನಿಮಾ. ನಿಜವಾದ ಬೇಟೆಯಲ್ಲಿ ಹೆಚ್ಚಿನದು ಕೂಗಾಟ. ನಮ್ಮಜ್ಜನ ಕಾಲದಲ್ಲಿ ಹತ್ತು ಹನ್ನೆರಡು ಜನ ನಾಯಿ ಬಿಟ್ಟುಕೊಂಡು, ಡಬ್ಬ ಬಡಿಯುತ್ತ, ಹಳು, ಅಂದರೆ ಪೊದೆಗಾಡು, ನುಗ್ಗುತ್ತಿದ್ದರು. ಪ್ರಾಣಿಯನ್ನು ಹೀಗೆ ಎಬ್ಬಿಸಿ ಅಟ್ಟುವುದೇ ಸೋವು. ಆಚೆ ಬದಿಯಲ್ಲಿ ಪ್ರಾಣಿ ಬರುವ ದಾರಿಗೆ ಕೋವಿ ಹಿಡಿದವರು ಕೂರುತ್ತಿದ್ದರು. ಹಾಗೆ ಕಾಯುವ ಜಾಗಕ್ಕೆ ಅಜ್ಜ ಹೇಳುತ್ತಿದ್ದದ್ದು ಬಿಲ್ಲು. "ಇವತ್ತು ನನ್ನದು ಹಳ್ಳದ ಬಿಲ್ಲು" ಅನ್ನುವರು. ಕೈಯಲ್ಲಿ ಇರುವುದು ಕೋವಿ, ಕೂತಿರುವುದು ಬಿಲ್ಲಿನಲ್ಲಿ! ಚಿಕ್ಕವಳಿದ್ದಾಗ ನನಗಿದು ಅರ್ಥವೇ ಆಗುತ್ತಿರಲಿಲ್ಲ.

ಆಟಕ್ಕೆ ದುಪಟ್ಟಾಗಳನ್ನು ಕುರ್ಚಿಗಳ ನಡುವೆ ಕಟ್ಟಿ ಎರಡು ಗೋಡೆ ಮಾಡಿ. ಒಂದು ಕಡೆ ಅಗಲ, ಇನ್ನೊಂದು ಕಡೆ ಇಕ್ಕಟ್ಟು, ಕೊನೆಗೆ ಒಂದು ದುಂಡು ದೊಡ್ಡಿ. ನಾಲ್ಕು ಮಕ್ಕಳು ಜಿಂಕೆಗಳು. ಉಳಿದವರು ಸೋವಿನವರು, ತಟ್ಟೆ ಬಡಿಯುತ್ತ ಬರಲಿ. ಜಿಂಕೆಗಳು ದುಪಟ್ಟಾ ದಾಟಬಾರದು. ಮೊದಲ ಸಲ ಸೋವಿನವರು ಜೋರಾಗಿ ಓಡುತ್ತಾರೆ, ಸಾಲು ಹರಿದುಹೋಗುತ್ತದೆ, ಜಿಂಕೆಗಳು ನಡುವೆ ನುಸುಳಿ ಪಾರು. ಬೈಯಬೇಡಿ. "ಏನು ತಪ್ಪಾಯ್ತು?" ಅಂತ ಕೇಳಿ. ಎರಡನೇ ಸಲ ಅವರೇ ಕೈಚಾಚಿನ ಅಂತರ ಇಟ್ಟುಕೊಂಡು ನಿಧಾನವಾಗಿ ಬರುತ್ತಾರೆ. ನಾಲ್ಕೂ ಜಿಂಕೆ ದೊಡ್ಡಿಯಲ್ಲಿ.

ಆಗ ಮೊಬೈಲಿನಲ್ಲಿ ಜೋರ್ಡನ್ ಮರುಭೂಮಿಯ ಚಿತ್ರ ತೋರಿಸಿ. 1920ರ ದಶಕದಲ್ಲಿ ಅಲ್ಲಿ ಹಾರಾಡುತ್ತಿದ್ದ ಬ್ರಿಟಿಷ್ ಪೈಲಟ್‌ಗಳಿಗೆ ಕೆಳಗೆ ಗಾಳಿಪಟದ ಆಕಾರದ ಕಲ್ಲುಗೋಡೆಗಳು ಕಂಡವು. ಹಾಗಾಗಿ ಅವಕ್ಕೆ ಗಾಳಿಪಟ ಅಂತಲೇ ಹೆಸರಾಯಿತು. ಜಿಂಕೆ ಹಿಂಡನ್ನು ನೂಕಿ ತರುವ ಗೋಡೆಗಳು ಅವು. ಕೆಲವು ಕಿಲೋಮೀಟರುಗಟ್ಟಲೆ ಉದ್ದ, ಕೆಲವು ಸುಮಾರು 9,000 ವರ್ಷ ಹಳೆಯವು. ಕೆನಡಾದ ಆಲ್ಬರ್ಟಾದಲ್ಲಿ ಕಾಡೆಮ್ಮೆ ಹಿಂಡನ್ನು ಹೀಗೇ ಸೋವಿ ಬಂಡೆಯ ಅಂಚಿನಿಂದ ಕೆಡವುತ್ತಿದ್ದ ಜಾಗವಿದೆ. ಸುಮಾರು 6,000 ವರ್ಷದ ಕತೆ ಅದಕ್ಕೆ. 1981ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ನಾವು ದುಪಟ್ಟಾದಲ್ಲಿ ಮಾಡಿದ್ದು ಅದನ್ನೇ.

ಕೋವಿ ಮಾಡಿಸಬೇಡಿ, ಕತೆ ಹೇಳಿ

ರಟ್ಟಿನ ಕೋವಿಯೂ ಬೇಡ. ಇದು ನನ್ನ ಹಟ. ಕೋವಿ ಕೈಗೆ ಬಂದ ಕೂಡಲೇ ಮಕ್ಕಳು ಒಬ್ಬರ ಮೇಲೊಬ್ಬರು ಗುರಿ ಇಡುತ್ತಾರೆ, ಬಿಲ್ಲು ಕೊಟ್ಟಾಗ ಹಾಗೆ ಮಾಡಿರಲಿಲ್ಲ.

ಕತೆಗೆ ಒಬ್ಬ ಪಾದ್ರಿ ಸಿಗುತ್ತಾರೆ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸೈತ್. ಹಕ್ಕಿ ಬೇಟೆಯ ಹುಚ್ಚು. ಆಗಿನ ಕೋವಿಯಲ್ಲಿ ಚಕಮಕಿ ಕಲ್ಲು ಕಿಡಿ ಕಾರಿ, ಬಟ್ಟಲಿನ ಮದ್ದು ಭಗ್ಗೆಂದು ಉರಿದು, ಆಮೇಲೆ ನಳಿಗೆಯ ಒಳಗಿನ ಮದ್ದಿಗೆ ಬೆಂಕಿ ತಾಗುತ್ತಿತ್ತು. ಆ ಬೆಳಕು ಕಂಡೇ ಹಕ್ಕಿಗಳು ಹಾರಿಬಿಡುತ್ತಿದ್ದವು. ಬೇಸತ್ತು ಅವರು ಪೆಟ್ಟು ಬಿದ್ದರೇ ಸಿಡಿಯುವ ಮದ್ದಿನ ಉಪಾಯ ಹುಡುಕಿ 1807ರಲ್ಲಿ ಪೇಟೆಂಟ್ ಪಡೆದರು. ಅದರಿಂದ ಬೆಳೆದದ್ದು ತಾಮ್ರದ ಸಣ್ಣ ಕೇಪು. ನಮ್ಮಜ್ಜನ ಗೋಡೆಯ ಕೋವಿಗೆ ಕೇಪಿನ ಕೋವಿ ಅಂತ ಹೆಸರು ಬಂದದ್ದು ಅಲ್ಲಿಂದ. ಆಮೇಲೆ ಹಿಂದಿನಿಂದ ಮದ್ದು ತುಂಬುವ ತೋಟೆ ಕೋವಿ ಬಂತು. ಮದ್ದು, ಚರೆ, ನಾರು ಜಡಿದು ತುಂಬುವ ತಾಪತ್ರಯ ತಪ್ಪಿತು. ಗುಂಡು ತಪ್ಪಿದರೆ ಮತ್ತೊಂದು ಸಿದ್ಧ. ಕಾಡು ಖಾಲಿಯಾಗಲು ಶುರುವಾದದ್ದೂ ಆಗಲೇ ಅಂತ ಅಜ್ಜ ಬಾಯಿಬಿಟ್ಟು ಹೇಳುತ್ತಿದ್ದರು. ತಾವೂ ಒಂದು ತೋಟೆ ಕೋವಿ ಕೊಂಡಿದ್ದರು, ಅದು ಬೇರೆ ಮಾತು.

ಬಾಗಲಕೋಟೆ, ವಿಜಯಪುರದ ಮಕ್ಕಳಿದ್ದರೆ ಹಲಗಲಿಯ ಬೇಡರ ವಿಷಯ ತಪ್ಪಿಸಬೇಡಿ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಅಂದಾಗ ಅವರು ಒಪ್ಪಲಿಲ್ಲ, ಊರೇ ಉರಿಯಿತು. ಬೇಟೆಯ ಆಯುಧ ಕಿತ್ತುಕೊಳ್ಳುವುದು ಅಂದರೆ ಬರೀ ಆಯುಧ ಕಿತ್ತುಕೊಂಡಂತೆ ಅಲ್ಲ ಅನ್ನುವುದು ಮಕ್ಕಳಿಗೆ ಆ ಕತೆಯಲ್ಲಿ ಸಲೀಸಾಗಿ ತಿಳಿಯುತ್ತದೆ.

ಉರುಳನ್ನು ನಾನು ಕಟ್ಟಿಸುವುದಿಲ್ಲ. ಕಲಿಸಿದರೆ ಯಾರಾದರೂ ಬೆಕ್ಕಿಗೆ ಹಾಕುತ್ತಾರೆ. ಆದರೆ ಮಹಾರಾಷ್ಟ್ರದಲ್ಲಿದ್ದುಕೊಂಡು ಫಾಸೆ ಪಾರಧಿಗಳ ಹೆಸರು ಹೇಳದೆ ಇರಲಾಗದು. ಫಾಸ ಅಂದರೆ ನಮ್ಮ ಪಾಶ, ಉರುಳು. ಕರ್ನಾಟಕದಲ್ಲಿ ಹರಣಶಿಕಾರಿಗಳು ಅನ್ನುತ್ತೇವೆ. ಪ್ರಾಣಿಯ ನಡೆ ಓದುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಬ್ರಿಟಿಷರು 1871ರ ಕಾಯ್ದೆ ತಂದು ಇಂಥ ಅನೇಕ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದರು. 1952ರಲ್ಲಿ ಆ ಪಟ್ಟಿ ರದ್ದಾಯಿತು. ಜನರ ಬಾಯಿಂದ ಇನ್ನೂ ಹೋಗಿಲ್ಲ. ನಮ್ಮ ತರಗತಿಯಲ್ಲಿ ಆ ಬೈಗುಳ ಬಂದ ದಿನ ನಾನು ಕತೆ ನಿಲ್ಲಿಸಿ ಇದನ್ನೇ ಅರ್ಧ ಗಂಟೆ ಮಾತಾಡಿದೆ.

ಕಾನೂನನ್ನು ಎರಡೇ ಮಾತಲ್ಲಿ ಹೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಉರುಳು ಹಾಕುವುದು, ಸೋವುವುದು, ಗೂಡಿನ ಮೊಟ್ಟೆ ಕದಡುವುದು, ಇವೆಲ್ಲವೂ ಬೇಟೆಯೇ. ಪಟ್ಟಿ ಓದಿದರೆ ನಮ್ಮಜ್ಜನ ಜಗುಲಿ ಪೂರ್ತಿ ಅದರಲ್ಲಿದೆ.

ಕೊನೆಗೆ ನಾಯಿ, ಮತ್ತು ಪಾಲು

ಬಿಸಿಲೇರಿದ ಮೇಲೆ ನೆರಳಲ್ಲಿ ಕೂರಿಸಿ ಕಾಳಿಯ ಕತೆ ಹೇಳಿ. ಸಾವಿರ ವರ್ಷಕ್ಕೂ ಹಿಂದೆ ಮಣಲೆರ ಅನ್ನುವ ವೀರ ಗಂಗರ ದೊರೆ ಬೂತುಗನ ಕಡೆಯಿಂದ ಚೋಳರ ವಿರುದ್ಧ ಹೋರಾಡಿದ. ಮೆಚ್ಚಿದ ದೊರೆ ಏನು ಬೇಕೋ ಕೇಳು ಅಂದ. ಮಣಲೆರ ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ, ಕಾಳಿ ಅನ್ನುವ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ಕಾಳಿ ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ಸತ್ತು, ಅದೂ ಸತ್ತಿತು. ಅದರ ನೆನಪಿಗೆ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದರು. ನಾಯಿ, ಹಂದಿ ಕಾದಾಡುವ ಚಿತ್ರ ಕೆತ್ತಿದ ಆ ಕಲ್ಲು 949-50ರದು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಹಳೆಗನ್ನಡದ ಶಾಸನ ಅಂದರೆ ಆಕಳಿಸುವ ಮಕ್ಕಳು ಈ ಕತೆಗೆ ಮಾತ್ರ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ.

ಬೇಟೆಯ ಕೊನೆಯ ಕೆಲಸ ಪಾಲು ಹಾಕುವುದು. ಇದನ್ನು ಬಿಡಬೇಡಿ. ಒಂದು ಡಬ್ಬ ಶೇಂಗಾ ಚಿಕ್ಕಿ ತಂದು ಮಕ್ಕಳ ಮುಂದೆ ಇಡಿ, ನೀವೇ ಹಂಚಿಕೊಳ್ಳಿ ಅನ್ನಿ. ನಮ್ಮ ಕಡೆ ಹೊಡೆದವನಿಗೆ ಒಂದು ಪಾಲು ಜಾಸ್ತಿ, ಹಳು ನುಗ್ಗಿದವರಿಗೆಲ್ಲ ಸಮ, ಮನೆಯಲ್ಲೇ ಉಳಿದ ಮುದುಕರಿಗೂ ಒಂದು, ನಾಯಿಗೂ ಒಂದು ಅಂತ ಲೆಕ್ಕವಿತ್ತು. ಅದನ್ನು ಮೊದಲೇ ಹೇಳಬೇಡಿ, ಅವರು ಜಗಳಾಡಲಿ. ಹೋದ ಡಿಸೆಂಬರಿನಲ್ಲಿ ಇಪ್ಪತ್ತು ನಿಮಿಷ ವಾದ ನಡೆಯಿತು. ಉದ್ದಗೈಯಲ್ಲಿ 21 ಮೀಟರ್ ಎಸೆದವಳಿಗೆ ಎರಡು ಕೊಡಬೇಕೋ ಬೇಡವೋ ಅಂತ. ಕೊನೆಗೆ ಸ್ವೆಟರ್ ಹಾಕಿಕೊಂಡು ಓಡಿದ ಜಿಂಕೆಗೇ ಎರಡು ಅಂತ ತೀರ್ಮಾನವಾಯಿತು. ಕಾವಲುಗಾರನ ಕೋಣೆಯ ಹತ್ತಿರ ಮಲಗಿದ್ದ ಬೀದಿನಾಯಿಗೆ ಚಿಕ್ಕಿ ಬೇಡ ಅಂದೆ, ಹಲ್ಲಿಗೆ ಅಂಟುತ್ತದೆ. ಅದಕ್ಕೆ ಎರಡು ಪಾರ್ಲೆ-ಜಿ ಹಾಕಿದರು.